ದೂರುಗಳೇ ಇಲ್ಲದ ಊರು

ನಿಮ್ಮ ಊರಿನ ನಗರಸಭೆಯ ವೆಬ್‌ಸೈಟಿಗೆ ಒಮ್ಮೆ ಹೋಗಿ ನೋಡಿ. 'ನಿಮ್ಮ ದೂರು ಸಲ್ಲಿಸಿ' ಅಂತ ಒಂದು ಫಾರ್ಮ್ ಇರುತ್ತದೆ. ಹೆಸರು, ಮೊಬೈಲು, ವಾರ್ಡು, ದೂರಿನ ವಿವರ. ಎಲ್ಲ ತುಂಬಿ, ಸೊಟ್ಟ ಅಕ್ಷರದ ಕ್ಯಾಪ್ಚಾ ಜೊತೆ ಗುದ್ದಾಡಿ ಬಟನ್ ಒತ್ತಿದರೆ, ಹಸಿರು ಬಣ್ಣದಲ್ಲಿ ಉತ್ತರ ಬರುತ್ತದೆ: 'ಧನ್ಯವಾದಗಳು. ನಿಮ್ಮ ದೂರು ತಲುಪಿದೆ.'

ಎಲ್ಲಿಗೆ ತಲುಪಿದೆ? ಅದನ್ನು ಮಾತ್ರ ಕೇಳಬಾರದು.

ಇಂಥ ಎಷ್ಟೋ ಫಾರ್ಮುಗಳು ದೂರನ್ನು ಇಮೇಲ್ ಮಾಡಲು, ವೆಬ್‌ಸೈಟ್ ಬರೆಯುವ ಭಾಷೆಯಾದ ಪಿಎಚ್‌ಪಿಯ 'ಮೇಲ್' ಅನ್ನೋ ಫಂಕ್ಷನ್ ನಂಬಿಕೊಂಡಿರುತ್ತವೆ. ಅದು 'ಟ್ರೂ' ಅಂದರೆ ಮೇಲ್ ಸಾಹೇಬರಿಗೆ ಸಿಕ್ಕಿತು ಅಂತಲ್ಲ. ಅದೇ ಸರ್ವರಿನೊಳಗೆ ಕೂತಿರುವ ಸೆಂಡ್‌ಮೇಲೋ ಪೋಸ್ಟ್‌ಫಿಕ್ಸೋ, ಮೇಲ್ ಸಾಗಿಸುವ ಒಂದು ಸಾಫ್ಟ್‌ವೇರ್, ಇಸಿದುಕೊಂಡಿತು ಅಂತ ಅಷ್ಟೇ. ಥೇಟ್ ನಮ್ಮ ಟಪಾಲು ವಿಭಾಗ. ಅರ್ಜಿಗೆ ಸೀಲು ಬಿತ್ತು, ನಿಮ್ಮ ಕೈಲಿರುವ ನಕಲಿಗೂ ಬಿತ್ತು. ಇನ್ನೇನು ಬೇಕು ನಿಮಗೆ?

ಅಲ್ಲಿಂದಾಚೆಯ ಪ್ರಯಾಣ ಕೇಳಿ. ಸಾಹೇಬರು ರಿಪ್ಲೈ ಒತ್ತಿದರೆ ನೇರ ದೂರು ಕೊಟ್ಟವರಿಗೇ ಹೋಗಲಿ ಅಂತ, ಫಾರ್ಮ್ ಬರೆದ ಪುಣ್ಯಾತ್ಮ 'ಫ್ರಮ್' ಜಾಗದಲ್ಲಿ ಅವರ ಜಿಮೇಲ್ ವಿಳಾಸವನ್ನೇ ಹಾಕಿರುತ್ತಾನೆ. ಅದಕ್ಕೆಂದೇ 'ರಿಪ್ಲೈ-ಟು' ಅಂತ ಬೇರೆ ಜಾಗ ಇದೆ, ಬಿಡಿ. ಹೀಗಾಗಿ ಚರಂಡಿ ಕಟ್ಟಿದೆ ಅಂತ ದೂರುವ ಅಜ್ಜಿಯ ಹೆಸರು ಹೇಳಿಕೊಂಡು ನಗರಸಭೆಯ ಸರ್ವರು ಹೊರಡುತ್ತದೆ. 1982ರಲ್ಲಿ ಮೇಲ್ ಸಾಗಿಸುವ ನಿಯಮಾವಳಿ ಎಸ್‌ಎಂಟಿಪಿ ಶುರುವಾದಾಗ ಇದೆಲ್ಲ ನಡೆಯುತ್ತಿತ್ತು. ಯಾರ ಹೆಸರು ಹೇಳಿದರೂ ನಂಬುವ ಕಾಲ. ಈಗ ಕಳಿಸಿದವರು ನಿಜಕ್ಕೂ ಅವರೇನಾ ಅಂತ ನೋಡಲು ಬಾಗಿಲಲ್ಲೇ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅಂತ ಮೂವರು ಕೂತಿದ್ದಾರೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಯಾರೇ ಆದರೂ ಮೊದಲೆರಡರಲ್ಲಿ ಒಂದನ್ನಾದರೂ ತೋರಿಸಲೇಬೇಕು. ಸಾಹೇಬರ ಮೇಲ್ ಐಡಿಯೂ ಜಿಮೇಲೇ ಅಲ್ವಾ! ಅಜ್ಜಿಯ ದೂರು ಸ್ಪ್ಯಾಮ್‌ಗೆ ಹೋದರೆ ಅದೃಷ್ಟ. ಇಲ್ಲದಿದ್ದರೆ 550, ಅಂದರೆ ತಿರಸ್ಕೃತ, ಅಂತ ಶುರುವಾಗುವ ಒಂದು ಸಾಲಿನ ಜೊತೆ ವಾಪಸ್.

ವಾಪಸ್ ಬಂದದ್ದು ಅಜ್ಜಿಗಾದರೂ ಸಿಗುತ್ತದಾ? ಇಲ್ಲ. ಅದು ಸರ್ವರಿನೊಳಗಿನ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' ಎಂಬ, ವೆಬ್‌ಸೈಟ್ ನಡೆಸಲೆಂದೇ ಇರುವ ಯೂಸರ್‌ನ ಡಬ್ಬಿಗೆ ಬಂದು ಬೀಳುತ್ತದೆ. ಊರಿನ ಗುಂಡಿ, ಬೀದಿದೀಪ, ಕಸದ ರಾಶಿ ಎಲ್ಲ ಗೊತ್ತಿರುವುದು ಅವನೊಬ್ಬನಿಗೇ. ಪಾಪ, ಅವನಿಗೆ ಲಾಗಿನ್ನೇ ಇಲ್ಲ. ಇನ್ನು ಸರ್ವರು ಕ್ಲೌಡ್‌ನಲ್ಲಿದ್ದು, ಕ್ಲೌಡ್ ಕಂಪನಿಯವರು ಮೇಲ್ ಹೊರಹೋಗುವ ಬಾಗಿಲಾದ 25ನೇ ಪೋರ್ಟನ್ನೇ ಮುಚ್ಚಿದ್ದರೆ ದೂರು ಊರೇ ಬಿಡುವುದಿಲ್ಲ. ಪೋಸ್ಟ್‌ಫಿಕ್ಸ್ 5 ದಿನ ಪ್ರಯತ್ನಪಟ್ಟು ಕೈಚೆಲ್ಲುತ್ತದೆ. ಹಾಗೆ ನೋಡಿದರೆ ಇಡೀ ವ್ಯವಸ್ಥೆಯಲ್ಲಿ ಒಂದು ದೂರಿನ ಹಿಂದೆ 5 ದಿನ ಬಿದ್ದದ್ದು ಅದೊಂದೇ.

ಇತ್ತ ಪ್ರಗತಿ ಪರಿಶೀಲನಾ ಸಭೆಯಲ್ಲಿ ವರದಿ ಓದುತ್ತಾರೆ: 'ಆನ್‌ಲೈನ್ ದೂರುಗಳು: ಸ್ವೀಕೃತ 0, ಬಾಕಿ 0.' ಟೇಬಲ್ ಕುಟ್ಟಿ ಅಭಿನಂದನೆ. ಗೋಡಂಬಿ, ಬಿಸ್ಕತ್ತು.

ಸರಿಪಡಿಸುವುದು ಕಷ್ಟವಾ? ನಗರಸಭೆಯದೇ ಡೊಮೈನಿನಲ್ಲಿ ಒಂದು ಮೇಲ್ ಐಡಿ ಮಾಡಿ, 587ನೇ ಪೋರ್ಟಿನಲ್ಲಿ ಪಾಸ್‌ವರ್ಡ್ ಕೊಟ್ಟು ಕಳಿಸಬೇಕು. ಡೊಮೈನಿನ ವಿವರ ಬರೆದಿಡುವ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್‌ದೊಂದು ಸಾಲು, ಡಿಕೆಐಎಂದೊಂದು ಸಾಲು. ಕೆಲಸ ಬಲ್ಲವರಿಗೆ ಅರ್ಧ ದಿನ ಸಾಕು. ಆದರೆ ಡೊಮೈನ್ ಒಬ್ಬರ ಹೆಸರಲ್ಲಿದೆ, ಸರ್ವರು ಇನ್ನೊಬ್ಬರ ಕೈಲಿದೆ, ಪಾಸ್‌ವರ್ಡು ವರ್ಗವಾಗಿ ಹೋದವರ ಡೈರಿಯಲ್ಲಿದೆ. ಟೆಂಡರಿನಲ್ಲಿ 'ದೂರಿನ ಫಾರ್ಮ್ ಇರತಕ್ಕದ್ದು' ಅಂತಿತ್ತು. ಇದೆ. 'ದೂರು ತಲುಪತಕ್ಕದ್ದು' ಅಂತ ಎಲ್ಲೂ ಇರಲಿಲ್ಲ. ಬಿಲ್ಲೂ ಪಾಸಾಗಿದೆ.

ಯಾರೋ ಹೊಸ ಹುಡುಗ ಉತ್ಸಾಹಕ್ಕೆ ಬಿದ್ದು ಇದನ್ನೆಲ್ಲ ಸರಿ ಮಾಡಿಯೇಬಿಟ್ಟ ಅಂದುಕೊಳ್ಳಿ. ಮರುದಿನ ಬೆಳಿಗ್ಗೆಯೇ ಸಾಹೇಬರ ಫೋನು:

"ಏನ್ರೀ ಮಾಡಿದ್ರಿ ವೆಬ್‌ಸೈಟಿಗೆ? ಇಷ್ಟು ವರ್ಷ ಚೆನ್ನಾಗಿತ್ತು. ನಿನ್ನೆಯಿಂದ ಬರೀ ದೂರು ಬರ್ತಾ ಇದೆ. ಏನೋ ಕೆಟ್ಟಿದೆ, ಬೇಗ ರಿಪೇರಿ ಮಾಡಿಸಿ."