ಬಂಡೆ ಹತ್ತಿ ಅರಚಬೇಡಿ

ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದಾಗೆಲ್ಲ ಯಾರಾದರೂ ಬಂಡೆಯ ಮೇಲೆ ನಿಂತು ಗಬ್ಬರ್ ಸಿಂಗ್ ಥರ ಅರಚುತ್ತಿರುತ್ತಾರೆ. ಸುತ್ತ ಗೆಳೆಯರು, ಕೈಯಲ್ಲಿ ಮೊಬೈಲು. ವಿಡಿಯೋ ಸರಿ ಬರಲಿಲ್ಲ ಅಂತ ಮತ್ತೆ ಅರಚಾಟ. ನೋಡಿದರೆ ಮೈ ಉರಿಯುತ್ತದೆ.

ಗಬ್ಬರ್ ಇರುವ ಸಿನಿಮಾ 'ಶೋಲೆ' ಬಂದಿದ್ದು 1975ರಲ್ಲಿ. ಅದರ ಶೂಟಿಂಗಿಗಾಗಿ ಇಲ್ಲಿ ಹಾಕಿದ್ದ ಹಳ್ಳಿಯ ಸೆಟ್ಟು ಈಗಿಲ್ಲ. ಇರುವುದು ಬಂಡೆ, ಕುರುಚಲು ಕಾಡು, ಕಡಿದಾದ ಕಲ್ಲಿನ ಅಂಚಿನಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದು. 2012ರಲ್ಲೇ ಇದನ್ನು ರಣಹದ್ದು ಧಾಮ ಅಂತ ಘೋಷಿಸಿದ್ದಾರೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧದಿಂದ ದೇಶದ ತುಂಬ ಈ ಹಕ್ಕಿಗಳು ಸತ್ತುಹೋದವು. ಆ ಔಷಧ ಮೈಯಲ್ಲಿದ್ದ ಸತ್ತ ದನ ತಿಂದರೆ ಇವುಗಳ ಕಿಡ್ನಿ ಹಾಳಾಗುತ್ತಿತ್ತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಆದರೆ ಹೋದ ಹಕ್ಕಿ ಬೇಗ ತುಂಬಿ ಬರುತ್ತದಾ? ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗದ್ದಲಕ್ಕೆ ಹೆದರಿ ತಾಯಿ ಗೂಡು ಬಿಟ್ಟು ಹಾರಿದರೆ ಆ ವರ್ಷದ ಮರಿಯ ಕಥೆ ಮುಗಿಯಿತು, ಅಲ್ವಾ?

ಸಿನಿಮಾ ಪ್ರೀತಿ ನನಗೂ ಇದೆ. ಬನ್ನಿ, ನೋಡಿ, ಫೋಟೋ ತೆಗೆದುಕೊಳ್ಳಿ. ಆ ಡೈಲಾಗನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಹೇಳಿಕೊಳ್ಳಿ.