ಪರ–ವಿರೋಧ: ಗ್ರೀಕ್ ಮಡಕೆಯ ಮೇಲೆ ಪುರಾಣ ಬಿಡಿಸಲು ಕಪ್ಪು ಆಕೃತಿಯೇ ಲೇಸೇ?

ಪರ

ಕಪ್ಪು ಆಕೃತಿ ಎಂದರೆ ಮಡಕೆಯ ಕೆಂಪು ಮೈ ಮೇಲೆ ಆಕೃತಿಯನ್ನು ಕಪ್ಪಾಗಿ ಬಿಡಿಸುವ ಶೈಲಿ; ಕೆಂಪು ಆಕೃತಿಯಲ್ಲಿ ಹಿನ್ನೆಲೆ ಕಪ್ಪು, ಆಕೃತಿ ಕೆಂಪು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಚಿತ್ರಕಾರ ಎಕ್ಸೆಕಿಯಾಸನ ಆಂಫೊರಾ (ಎರಡು ಹಿಡಿಯ ಕೊಡ) ನೋಡಿ. ಕ್ರಿ.ಪೂ. 530ರ ಸುಮಾರಿನದು, ಎತ್ತರ ಸುಮಾರು 41 ಸೆಂ.ಮೀ. ಗ್ರೀಕ್ ವೀರ ಅಕಿಲೀಸ್, ಹೆಣ್ಣು ಯೋಧರಾದ ಅಮೆಜಾನರ ರಾಣಿ ಪೆಂಥೆಸಿಲಿಯಾಳಿಗೆ ಈಟಿ ಇಳಿಸುತ್ತಿದ್ದಾನೆ. ಅವನ ಮುಖವನ್ನು ಶಿರಸ್ತ್ರಾಣ ಮುಚ್ಚಿದೆ, ಇಡೀ ಕಪ್ಪು. ಅವಳದು ತೆರೆದ ಮುಖ, ಬಿಳಿ. ಗಂಡಿಗೆ ಕಪ್ಪು, ಹೆಣ್ಣಿಗೆ ಬಿಳಿ ಎಂಬುದು ಈ ಶೈಲಿಯ ಕಟ್ಟಳೆ. ಇಲ್ಲಿ ಕಥೆ ಹೇಳುವುದೇ ಆ ಬಣ್ಣ.

ಮಾಡುವ ಕ್ರಮವೂ ಗಟ್ಟಿ. ಅರೆ ಒಣಗಿದ ಮಡಕೆಯ ಮೇಲೆ ನಯವಾದ ಜೇಡಿಮಣ್ಣಿನ ತಿಳಿಯಿಂದ ಆಕೃತಿ ತುಂಬಿ, ಚೂಪು ಮೊನೆಯಿಂದ ಗೀರಿ, ಕೊನೆಗೆ ಬಿಳಿ ಮತ್ತು ನೇರಳೆಗೆಂಪು ಹಚ್ಚುತ್ತಾರೆ. ಗೀರಿದ್ದು ಮಾಸುವುದಿಲ್ಲ.

ಆವಿಗೆಯ ಲೆಕ್ಕವನ್ನೂ ನೋಡಬೇಕು. ಮೊದಲು ಗಾಳಿ ಬಿಟ್ಟು ಸುಮಾರು 800 ಡಿಗ್ರಿ. ಆಮೇಲೆ ಗಾಳಿಕಂಡಿ ಮುಚ್ಚಿ, ಹಸಿ ಸೌದೆ ಹಾಕಿ 950ರ ಆಸುಪಾಸು. ಕೊನೆಗೆ ಮತ್ತೆ ಗಾಳಿ. ನಡುವಿನ ಹಂತದಲ್ಲಿ ತಿಳಿ ಗಾಜಿನಂತೆ ಬಿಗಿದರೆ ಕಪ್ಪಾಗಿಯೇ ಉಳಿಯುತ್ತದೆ, ಬಿಗಿಯದಿದ್ದರೆ ಮಡಕೆಯ ಮೈಯಂತೆ ಅದೂ ಕೆಂಪಾಗುತ್ತದೆ. ಕೆಂಪು ಆಕೃತಿಯಲ್ಲಿ ಹಿನ್ನೆಲೆಯೆಲ್ಲ ಕಪ್ಪು ತುಂಬಬೇಕು. ಕಪ್ಪು ಹರಡಿದಷ್ಟೂ ಕಲೆ ಬೀಳುವ ಜಾಗ ಹೆಚ್ಚು.

ವಿರೋಧ

ಕಲೆ ಬೀಳುವುದಾದರೆ ಹಿನ್ನೆಲೆಯಲ್ಲಿ ಬೀಳಲಿ, ವೀರನ ಎದೆಯ ಮೇಲೇಕೆ?

ಬಿಳಿಯನ್ನು ನಂಬಿ ಕಥೆ ಹೇಳುವುದು ಅಪಾಯ. ಅದು ಕಬ್ಬಿಣದಂಶ ಕಡಿಮೆಯಿರುವ ಮಣ್ಣು. ಕೆಳಗಿನ ಕಪ್ಪಿಗೆ ಸರಿಯಾಗಿ ಕಚ್ಚಿಕೊಳ್ಳದೆ ಉದುರುತ್ತದೆ. ಎಷ್ಟೋ ಮಡಕೆಗಳಲ್ಲಿ ದೇವಿಯರ ಮುಖ ಈಗ ಬರೀ ಕಪ್ಪು ಮಚ್ಚೆ. ಇಬ್ಬರು ಗಂಡಸರು ಕುಸ್ತಿಗೆ ಬಿದ್ದರಂತೂ ಯಾರ ಕೈ ಯಾರದೆಂದು ತಿಳಿಯಲು ಗೀರನ್ನೇ ಹುಡುಕಬೇಕು. ತಪ್ಪಿ ಗೀರಿದರೆ ಅಳಿಸುವಂತಿಲ್ಲ.

ಕೆಂಪು ಆಕೃತಿಯಲ್ಲಿ ಕೈಗೆ ಎರಡು ಗೆರೆಗಳಿವೆ. ದಪ್ಪ ತಿಳಿಯಿಂದ ಬೆರಳಿಗೆ ತಾಗುವಂಥ ಉಬ್ಬುಗೆರೆ. ಅದೇ ತಿಳಿಗೆ ನೀರು ಬೆರೆಸಿದರೆ ತೆಳುಗಂದು. ಚಿತ್ರಕಾರ ಯೂಫ್ರೋನಿಯೋಸ್ ಕ್ರಿ.ಪೂ. 515ರ ಸುಮಾರಿಗೆ ಬಿಡಿಸಿದ, ಟ್ರಾಯ್ ಯುದ್ಧದಲ್ಲಿ ಸತ್ತ ವೀರ ಸರ್ಪಿಡಾನನ ಹೊಟ್ಟೆಯ ಸ್ನಾಯುಗಳು ಈ ಗೆರೆಗಳಲ್ಲೇ ಮೂಡಿವೆ. ನಿದ್ರೆ, ಮೃತ್ಯು ಎಂಬ ದೇವತೆಗಳಿಬ್ಬರೂ ಸೇರಿ ಎತ್ತುತ್ತಿರುವ ಆ ದೇಹದ ಭಾರ ನೋಡುವವರ ತೋಳಿಗೇ ಬರುತ್ತದೆ. ಗೀರಿಗೆ ಅದು ಸಾಧ್ಯವಿಲ್ಲ.

ಪೆಂಥೆಸಿಲಿಯಾಳನ್ನೇ ತೆಗೆದುಕೊಳ್ಳಿ. ಮ್ಯೂನಿಕ್‌ನಲ್ಲಿ ಕ್ರಿ.ಪೂ. 460ರ ಆಸುಪಾಸಿನ ಕೆಂಪು ಆಕೃತಿಯ ಬಟ್ಟಲಿದೆ, ಅದರಲ್ಲೂ ಇದೇ ದೃಶ್ಯ. ದುಂಡು ಚೌಕಟ್ಟಿನೊಳಗೆ ಆಕೃತಿಗಳು ಒತ್ತೊತ್ತಾಗಿ ಬಾಗಿರುವುದು ನಿಜ, ಒಪ್ಪುತ್ತೇನೆ. ಆದರೆ ಅವಳು ತಲೆಯೆತ್ತಿ ಅವನನ್ನು ನೋಡುವ ನೋಟಕ್ಕೆ ಬಿಳಿ ಬಣ್ಣದ ಹಂಗಿಲ್ಲ.

ಕ್ರಿ.ಪೂ. 5ನೇ ಶತಮಾನದಲ್ಲಿ ಅಥೆನ್ಸ್‌ನ ಒಳ್ಳೆಯ ಕೈಗಳೆಲ್ಲ ಕೆಂಪಿಗೆ ಹೊರಳಿದವು. ಕಪ್ಪು ಆಕೃತಿ ಕಾಲಾಂತರ ಉಳಿದದ್ದು ಪ್ಯಾನಥೆನೈಕ್ ಕ್ರೀಡೆಗಳಲ್ಲಿ ಬಹುಮಾನವಾಗಿ ಕೊಡುತ್ತಿದ್ದ ಎಣ್ಣೆಯ ಕೊಡಗಳ ಮೇಲೆ. ಅದೂ ಸಂಪ್ರದಾಯ ಬಿಡಲಾರದೆ.