ಸೂಪರ್ ಅನ್ನಬೇಡಿ, ಪೂರ್ತಿ ಕೇಳಿ

ನಮ್ಮ ಬ್ಯಾಂಡಿನ ಮೊದಲ ಆಲ್ಬಂ ಬಂದು ಇವತ್ತಿಗೆ ಒಂದು ತಿಂಗಳು. ಎಂಟು ಹಾಡು, 36 ನಿಮಿಷ, ಎಲ್ಲಾ ಕನ್ನಡ. ಬಂದ ದಿನ ಫೋನಿಗೆ ಬಿಡುವೇ ಇರಲಿಲ್ಲ. ‘ಸೂಪರ್ ಮಗಾ’, ‘ಬೆಂಕಿ ಗುರು’. ತುಂಬಾ ಖುಷಿಯಾಯಿತು. ಆದರೆ ಯಾವ ಹಾಡು ಹಿಡಿಸಿತು ಅಂತ ತಿರುಗಿ ಕೇಳಿದರೆ, ಸುಮಾರು ಜನಕ್ಕೆ ಮೊದಲನೆಯದು ಬಿಟ್ಟು ಬೇರೆ ಗೊತ್ತಿರಲಿಲ್ಲ.

ನಮ್ಮಲ್ಲಿ ‘ಆಲ್ಬಂ ಸಾಂಗ್’ ಅಂದರೆ ಸಿನಿಮಾದಲ್ಲಿ ಇಲ್ಲದ ಒಂದೇ ಒಂದು ಹಾಡು, ಅದಕ್ಕೊಂದು ವಿಡಿಯೋ. ಎಂಟು ಹಾಡು ಜೋಡಿಸಿದ್ದೇವೆ, ಇದೇ ಕ್ರಮದಲ್ಲಿ ಕೇಳಿ ಅಂದರೆ ‘ಯಾವ ಸಿನಿಮಾದ್ದು?’ ಅನ್ನುತ್ತಾರೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. 2024ರಿಂದ, ವರ್ಷಕ್ಕೆ 1,000 ಸಲವಾದರೂ ಕೇಳದ ಹಾಡಿಗೆ ದುಡ್ಡಿಲ್ಲ. ಅದಕ್ಕೇ ಬೇಗ ಹಾಡೋಕೆ ಶುರು ಮಾಡಿ ಅಂತ ಎಷ್ಟೋ ಜನ ಬುದ್ಧಿ ಹೇಳಿದರು. ನಮ್ಮ ಕೊನೆಯ ಹಾಡಲ್ಲಿ ದನಿ ಬರೋದೇ ಒಂದೂವರೆ ನಿಮಿಷ ಆದಮೇಲೆ. ಅದನ್ನು ಹಾಗೇ ಬಿಟ್ಟಿದ್ದೇವೆ. ಅಷ್ಟು ಹೊತ್ತು ಮಳೆ ಬರೋ ಮುಂಚಿನ ಸೆಕೆ ಇರಬೇಕು ಅಲ್ವಾ?

ಬೆಂಗಳೂರಿಗೆ ರಾಕ್ ಹೊಸದಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ಬ್ಯಾಂಡ್ ಇಲ್ಲಿ ಶುರುವಾಗಿದ್ದು 1996ರಲ್ಲಿ. ಹೊರದೇಶದ ದೊಡ್ಡ ಬ್ಯಾಂಡುಗಳೂ ಬಂದವು: 2007ರಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದರು, 2011ರಲ್ಲಿ ಮೆಟಾಲಿಕಾ. ಆದರೆ ಊರಿನ ರಾಕ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಹಾಡಿತು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಗುಡುಗುಡಿ ಪದ ಗಿಟಾರಿನ ಜೊತೆ ಬಂದಾಗಲೇ ನನ್ನಂಥವರಿಗೆ ಧೈರ್ಯ ಬಂದಿದ್ದು. ಹಾಗಿದ್ದರೂ ಹೋದ ವರ್ಷ ಒಂದು ಪಬ್ಬಿನವರು ‘ಶುಕ್ರವಾರ ಕನ್ನಡ ಬೇಡ’ ಅಂದರು. ಗಿಟಾರ್ ಹೊತ್ತುಕೊಂಡು ವಾಪಸ್ ಬಂದೆವು.

ಮಾಡಿದ್ದು ಎರಡು ವರ್ಷ, ಬರೀ ಭಾನುವಾರಗಳಲ್ಲಿ. ಡ್ರಮ್ಸ್ ಮಾತ್ರ ಸ್ಟುಡಿಯೋದಲ್ಲಿ, ಗಂಟೆ ಲೆಕ್ಕದ ಬಾಡಿಗೆಗೆ, ಎರಡೇ ದಿನದಲ್ಲಿ ಮುಗಿಸಿದೆವು. ನನ್ನ ದನಿಯನ್ನು ಬನಶಂಕರಿಯ ನಮ್ಮ ಮನೆಯಲ್ಲೇ, ಬೀರು ಬಾಗಿಲಿಗೆ ಕಂಬಳಿ ಇಳಿಬಿಟ್ಟು ಹಿಡಿದೆವು. ಫ್ಯಾನ್ ಹಾಕೋ ಹಾಗಿಲ್ಲ, ಕುಕ್ಕರ್ ಇಡೋ ಹಾಗಿಲ್ಲ. ಅಮ್ಮ ಪಾಪ ಎರಡು ತಿಂಗಳು ಭಾನುವಾರದ ಅಡುಗೆಯನ್ನು ಬೆಳಿಗ್ಗೆ ಏಳಕ್ಕೇ ಮುಗಿಸಿದರು.

ನಾಲ್ಕನೇ ಹಾಡಿನ ಮೇಲೆ ನನಗೆ ಜಾಸ್ತಿ ಪ್ರೀತಿ. ಹಳೆಗನ್ನಡದ ಕವಿಗಳು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ಅದನ್ನೇ ಹಿಡಿದು ಇಡೀ ಹಾಡನ್ನು ‘ದ್ದ’ ಮೇಲೆ ಕಟ್ಟಿದೆ. ಒದ್ದೆ, ನಿದ್ದೆ, ಮುದ್ದೆ, ಗದ್ದೆ. ಕನ್ನಡದ ಒತ್ತಕ್ಷರ ಇದೆಯಲ್ಲ, ಅದೇ ಒಂದು ಡ್ರಮ್. ಸ್ನೇರ್ ಅನ್ನೋ ಚುರುಕು ಸದ್ದಿನ ಡ್ರಮ್ಮಿನ ಏಟು ಬೀಳೋ ಜಾಗಕ್ಕೇ ‘ದ್ದ’ ಬೀಳಬೇಕು ಅಂತ ಕೂತು ಕೂತು ಹೊಂದಿಸಿದೆವು.

ತಿಪಟೂರಿನಲ್ಲಿ ನಮ್ಮ ಅತ್ತೆ ಇದ್ದಾರೆ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ, ಸೌಂಡ್ ಸಾಲಲ್ಲ ಅಂತ ಫೋನನ್ನು ಸ್ಟೀಲ್ ಡಬರಿಯಲ್ಲಿಟ್ಟು ಎಂಟೂ ಹಾಡು ಕೇಳಿದರಂತೆ. ರಾತ್ರಿ ಫೋನ್ ಮಾಡಿದರು. ‘ಎಲ್ಲಾ ಚೆನ್ನಾಗಿದೆ ಕಣೋ. ನಾಲ್ಕನೇದ್ರಲ್ಲಿ ಒದ್ದೆ ಅಂತೀಯೋ, ಒದೆ ಅಂತೀಯೋ? ಬಾರಿಸೋದ್ರಲ್ಲಿ ಮಾತು ಮುಚ್ಚೋಗಿದೆ.’

ಎದೆ ಧಸಕ್ ಅಂತು. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ವ್ಯಂಜನಗಳು ಬಿಡಿಸಿ ಕೇಳೋಕೆ ಮುಖ್ಯವಾಗಿ ಬೇಕಾಗೋದು 2,000ದಿಂದ 4,000 ಹರ್ಟ್ಜ್ ಸುತ್ತಿನ ಸದ್ದು. ನಮ್ಮ ಡಿಸ್ಟಾರ್ಶನ್ ಗಿಟಾರ್, ಅಂದರೆ ಬೇಕಂತಲೇ ಒರಟು ಮಾಡಿದ ಗಿಟಾರ್ ಸದ್ದು, ಅಲ್ಲೇ ಬಂದು ಕೂತಿತ್ತು. ಮೇಲಿಂದ ಸ್ನೇರ್. ಯಾವ ಏಟಿನ ಜೊತೆ ‘ದ್ದ’ ಸೇರಲಿ ಅಂತ ಅಷ್ಟು ಕಷ್ಟಪಟ್ಟೆವೋ, ಅದೇ ಏಟು ಅದನ್ನು ನುಂಗಿತ್ತು. ನೂರು ಸಲ ಕೇಳಿದ್ದ ನಮಗೆ ಸಾಲು ಬಾಯಿಪಾಠ. ಹಾಗಾಗಿ ಕಿವಿಗೆ ಬೀಳದ್ದೂ ಬಿದ್ದಂತೆ ಅನ್ನಿಸುತ್ತಿತ್ತು.

ಅತ್ತೆ ಭಾವಗೀತೆ ಕ್ಯಾಸೆಟ್ ಕೇಳಿ ಬೆಳೆದವರು. 1978ರ ‘ನಿತ್ಯೋತ್ಸವ’, ನಿಸಾರ್ ಅಹಮದ್ ಅವರ ಪದ್ಯ, ಮೈಸೂರು ಅನಂತಸ್ವಾಮಿ ಅವರ ರಾಗ. ಒಂದು ಮಗ್ಗುಲು ಮುಗಿದ ಮೇಲೆ ತಿರುಗಿಸಿ ಹಾಕಿ, ಪೂರ್ತಿ ಕೇಳೋದು. ಆ ಹಾಡುಗಳಲ್ಲಿ ಒಂದು ಅಕ್ಷರ ಕೂಡ ಕಳೆದುಹೋಗೋದಿಲ್ಲ. ಕೇಳಿಸಿಕೊಳ್ಳೋದು ಅಂದರೆ ಏನು ಅಂತ ಆ ಕಿವಿಗೆ ಗೊತ್ತು. ನನಗೆ ಬಂದ ಅಷ್ಟೂ ‘ಸೂಪರ್’ಗಳಿಗಿಂತ ಅವರ ಆ ಒಂದು ಪ್ರಶ್ನೆ ದೊಡ್ಡದು. ಅದು ಸುಮ್ನೆ ಬರೋದಿಲ್ಲ, 36 ನಿಮಿಷ ಕೊಟ್ಟವರಿಂದ ಮಾತ್ರ ಬರುತ್ತದೆ.

ದನಿ ಬರೋ ಕಡೆ ಗಿಟಾರಿನ ಸದ್ದನ್ನು ಆ 2,000–4,000 ಹರ್ಟ್ಜ್ ಜಾಗದಲ್ಲಿ 3 ಡೆಸಿಬೆಲ್ ಇಳಿಸಿದೆವು. ‘ದ್ದ’ ಏಟಿಗಿಂತ ಕೂದಲೆಳೆಯಷ್ಟು ಮೊದಲೇ ಬೀಳೋ ಹಾಗೆ ಮಾಡಿದೆವು. ಹೆಡ್‌ಫೋನಲ್ಲಿ ಕೇಳಿದೆವು, ಗೆಳೆಯನ ಕಾರಲ್ಲಿ ಕೇಳಿದೆವು, ಕೊನೆಗೆ ಫೋನನ್ನು ಡಬರಿಯಲ್ಲಿಟ್ಟೂ ಕೇಳಿದೆವು. ನಿನ್ನೆ ರಾತ್ರಿ ಹಾಡನ್ನು ಮತ್ತೆ ಹಾಕಿದ್ದೇವೆ. ದಯವಿಟ್ಟು ಮೊದಲಿನಿಂದ ಕೇಳಿಕೊಂಡು ಬನ್ನಿ. ನಾಲ್ಕನೇ ಹಾಡಿಗೆ ಬಂದಾಗ, ಅದು ಒದ್ದೆಯೋ ಒದೆಯೋ ಹೇಳಿ.